ಪ್ರತಿ ಭಾನುವಾರ ನೋಡಿದರೂ ಬದಲಾಗದ ನಕ್ಷತ್ರ: ಮಿಡಿತ ಎಣಿಸಿದರೆ ದೂರ ಹೇಗೆ ಗೊತ್ತಾಗುತ್ತದೆ?

ದಾಲ್‌ಮಿಲ್ ಹಿತ್ತಲು (ಕಲಬುರಗಿ)
ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೆ ಒಂದೇ ರಜೆ, ಭಾನುವಾರ. ಅವತ್ತು ಸಂಜೆ ಮಾಳಿಗೆ ಹತ್ತಿ ನಕ್ಷತ್ರ ನೋಡುವುದು ನಾಲ್ಕೈದು ವರ್ಷದಿಂದ ರೂಢಿ.

ಮಳೆಗಾಲದಲ್ಲಿ ಇಲ್ಲೇ ಯಾರೋ ಬರೆದಿದ್ದರು. ಶ್ರವಣ ನಕ್ಷತ್ರದ ಕೆಳಗೆ ಈಟಾ ಅಕ್ವಿಲೆ ಅಂತ ಒಂದಿದೆ, ಅದು ವಾರದೊಳಗೆ ಮಂಕಾಗಿ ಮತ್ತೆ ಬೆಳಗುತ್ತದೆ, ಬರಿಗಣ್ಣಿಗೇ ಗೊತ್ತಾಗುತ್ತದೆ ಅಂತ. ದಸರಾ ಮುಗಿದು ಆಕಾಶ ತಿಳಿಯಾದ ಮೇಲೆ ಶುರು ಮಾಡಿದೆ. ಐದು ಭಾನುವಾರ ಒಂದೂ ಬಿಡದೆ ಸಂಜೆ ಏಳೂವರೆಗೆ ನೋಡಿ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಐದು ಸಲವೂ ಒಂದೇ ಥರ ಕಂಡಿತು: ಶ್ರವಣದ ಪಕ್ಕದ ಬೀಟಾ ಅಕ್ವಿಲೆ ನಕ್ಷತ್ರಕ್ಕಿಂತ ಸ್ವಲ್ಪ ಮಂಕು, ಅಷ್ಟೇ. ಏನೂ ಬದಲಾಗಲಿಲ್ಲ. ನಾನು ಬೇರೆ ಯಾವುದೋ ನಕ್ಷತ್ರ ನೋಡುತ್ತಿದ್ದೇನಾ?

ಇನ್ನೊಂದು ಕೇಳಬೇಕು. ಇಂಥ ನಕ್ಷತ್ರ ಎಷ್ಟು ದಿನಕ್ಕೊಮ್ಮೆ ಮಿಡಿಯುತ್ತದೆ ಅಂತ ತಿಳಿದರೆ ಅದು ಎಷ್ಟು ದೂರ ಇದೆ ಅಂತ ಹೇಳಬಹುದಂತೆ. ದಿನ ಎಣಿಸುವುದಕ್ಕೂ ದೂರಕ್ಕೂ ಎಲ್ಲಿಯ ಸಂಬಂಧ? ತಿಳಿದವರು ಬಿಡಿಸಿ ಹೇಳಬೇಕು.

ಸೇಡಂ ಗಣಿತ ಮೇಷ್ಟ್ರು
ಭಾನುವಾರ, ರಾತ್ರಿ 9:55

ತಮ್ಮಾ, ಮೊದಲು ನಕ್ಷತ್ರ ಸರಿಯಾ ಅಂತ ನೋಡೋಣ. ಶ್ರವಣದ ಮೂರು ಚುಕ್ಕಿ ಗೊತ್ತಲ್ವಾ, ನಡುವಿನದು ದೊಡ್ಡದು, ಆಚೆ ಈಚೆ ಎರಡು ಸಣ್ಣವು. ದೊಡ್ಡದರಿಂದ ನೇರ ದಕ್ಷಿಣಕ್ಕೆ ಬನ್ನಿ. ಕೈ ಚಾಚಿ ಮುಷ್ಟಿ ಹಿಡಿದರೆ ಎಷ್ಟು ಅಗಲವೋ ಅದಕ್ಕಿಂತ ಸ್ವಲ್ಪ ಕಮ್ಮಿ ದೂರದಲ್ಲಿ ಒಂದು ನಕ್ಷತ್ರ. ಅದರ ಒಂದು ಪಕ್ಕಕ್ಕೆ ಡೆಲ್ಟಾ, ಇನ್ನೊಂದು ಪಕ್ಕಕ್ಕೆ ಥೀಟಾ, ನಡುವೆ ಇದು. ಅದೇ ಈಟಾ. ನೀವು ಬೀಟಾ ಜೊತೆ ಹೋಲಿಸಿದ್ದೀರಿ ಅಂದರೆ ಸರಿಯಾದದ್ದನ್ನೇ ನೋಡಿದ್ದೀರಿ.

ತಪ್ಪಿದ್ದು ನಕ್ಷತ್ರದಲ್ಲಿ ಅಲ್ಲ, ದಿನದಲ್ಲಿ. ಈಟಾ ಅಕ್ವಿಲೆಯ ಅವಧಿ 7.18 ದಿನ. ನೀವು ನೋಡುವುದು 7 ದಿನಕ್ಕೊಮ್ಮೆ! ಅದು ಒಂದು ಸುತ್ತು ಮುಗಿಸಿ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬರುವಾಗಲೇ ನೀವು ಮಾಳಿಗೆ ಹತ್ತುತ್ತೀರಿ. ವಾರಕ್ಕೆ ಬರೀ ನಾಲ್ಕು ಗಂಟೆ ಚಿಲ್ಲರೆ ವ್ಯತ್ಯಾಸ. ಐದು ಭಾನುವಾರ ಅಂದರೆ ನಡುವೆ ನಾಲ್ಕು ವಾರ, ಒಟ್ಟು 17 ಗಂಟೆ. ಏಳು ದಿನದ ಮಿಡಿತದಲ್ಲಿ 17 ಗಂಟೆಯ ಬದಲಾವಣೆ ಕಣ್ಣಿಗೆ ಸಿಗುವುದು ಕಷ್ಟ.

ಜಾತ್ರೆಯ ದೊಡ್ಡ ತೊಟ್ಟಿಲು ನೆನೆಸಿಕೊಳ್ಳಿ. ಅದು ಒಂದು ಸುತ್ತು ಬರುವಷ್ಟು ಹೊತ್ತಿಗೆ ಒಮ್ಮೆ ಮಾತ್ರ ಕಣ್ಣು ತೆರೆದು ನೋಡಿದರೆ ಪ್ರತಿ ಸಲ ಅದೇ ಬುಟ್ಟಿ ಅಲ್ಲೇ ಕಾಣುತ್ತದೆ. ತೊಟ್ಟಿಲು ನಿಂತಿದೆ ಅಂತಲೇ ಅನಿಸುತ್ತದೆ.

ದಿನಾಲೂ ನೋಡಿ. ಒಂದು ಎರಡು ವಾರ ಸಾಕು.

ಶಹಾಪುರ ಬಿಎಸ್ಸಿ
ಭಾನುವಾರ, ರಾತ್ರಿ 10:10

ಸರ್, ಇದು ನನಗೂ ಹೊಸ ವಿಷಯ. ನಾನು ಹೋದ ವರ್ಷ ಇದನ್ನೇ ಮೂರು ಶನಿವಾರ ನೋಡಿ ಕೈಬಿಟ್ಟಿದ್ದೆ. ಈಗ ಕಾರಣ ಗೊತ್ತಾಯಿತು.

ಅಣ್ಣಾ, ನೀವು ದಿನಾ ನೋಡುವುದಾದರೆ ನಾನೂ ಇಲ್ಲಿಂದ ನೋಡುತ್ತೇನೆ. ನಮ್ಮ ಕಡೆ ಮಲಗಿದ ಬುದ್ಧನ ಬೆಟ್ಟದ ಆಚೆ ಕತ್ತಲು ಚೆನ್ನಾಗಿದೆ.

ಬೀದರ್ ಭೌತಶಾಸ್ತ್ರ
ಸೋಮವಾರ, ಬೆಳಿಗ್ಗೆ 6:40

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದು ನನಗೆ ತುಂಬಾ ಇಷ್ಟದ ವಿಷಯ. ತರಗತಿಯಲ್ಲಿ ಒಂದು ಪುಟದಲ್ಲಿ ಮುಗಿದುಹೋಗುತ್ತದೆ, ಅದಕ್ಕೆ ಇಲ್ಲಿ ಸಾವಕಾಶ ಬರೆಯುತ್ತೇನೆ.

ನಕ್ಷತ್ರದ ದೂರ ಅಳೆಯುವುದು ಯಾಕೆ ಕಷ್ಟ? ರಾತ್ರಿ ರಸ್ತೆಯಲ್ಲಿ ನಿಂತರೆ ದೂರದ ಲಾರಿಯ ಹೆಡ್‌ಲೈಟೂ ಹತ್ತಿರದ ಸೈಕಲ್ಲಿನ ದೀಪವೂ ಒಂದೇ ಥರ ಕಾಣಬಹುದು. ದೊಡ್ಡ ದೀಪ ದೂರ ಇದೆಯೋ, ಸಣ್ಣ ದೀಪ ಹತ್ತಿರ ಇದೆಯೋ, ಬೆಳಕೊಂದನ್ನೇ ನೋಡಿ ಹೇಳಲಾಗುವುದಿಲ್ಲ. ದೀಪ ಎಷ್ಟು ವ್ಯಾಟಿನದು ಅಂತ ಗೊತ್ತಿದ್ದರೆ ಮಾತ್ರ ದೂರ ಹೇಳಬಹುದು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ ಆಗುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗ.

ಹಾಗಾದರೆ ನಕ್ಷತ್ರದ ವ್ಯಾಟ್ ಎಲ್ಲಿ ಬರೆದಿರುತ್ತದೆ? ಇದನ್ನು ಕಂಡುಹಿಡಿದವರು ಹೆನ್ರಿಯೆಟ್ಟಾ ಸ್ವಾನ್ ಲೆವಿಟ್. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಂಟೆಗೆ 30 ಸೆಂಟ್ ಕೂಲಿಗೆ ಕೆಲಸ ಮಾಡುತ್ತಿದ್ದರು. ಅವರು ದೂರದರ್ಶಕಕ್ಕೆ ಕಣ್ಣಿಟ್ಟು ಈ ಕೆಲಸ ಮಾಡಲಿಲ್ಲ. ದಕ್ಷಿಣ ಅಮೆರಿಕದ ಪೆರುವಿನಲ್ಲಿ ತೆಗೆದ ಫೋಟೋಗಳು ಗಾಜಿನ ಫಲಕದ ಮೇಲೆ ಬರುತ್ತಿದ್ದವು. ನೆಗೆಟಿವ್ ಆದ್ದರಿಂದ ಆಕಾಶ ಬಿಳಿ, ನಕ್ಷತ್ರ ಕಪ್ಪು ಚುಕ್ಕಿ. ಒಂದೇ ಜಾಗದ ಬೇರೆ ಬೇರೆ ರಾತ್ರಿಯ ಫಲಕಗಳನ್ನು ಹೋಲಿಸಿ, ಯಾವ ಚುಕ್ಕಿ ದಪ್ಪವಾಯಿತು, ಯಾವುದು ಸಣ್ಣದಾಯಿತು ಅಂತ ಒಂದೊಂದಾಗಿ ಗುರುತು ಹಾಕಿದರು. 1908ರಲ್ಲಿ ಮ್ಯಾಗೆಲಾನಿಕ್ ಮೋಡಗಳಲ್ಲಿ ಹೀಗೆ ಸಿಕ್ಕ 1,777 ಚಂಚಲ ನಕ್ಷತ್ರಗಳ ಪಟ್ಟಿ ಕೊಟ್ಟರು. ಒಂದು ಸಾವಿರದ ಏಳುನೂರ ಎಪ್ಪತ್ತೇಳು! ನನ್ನ ವಿದ್ಯಾರ್ಥಿಗಳಿಗೆ ಈ ಸಂಖ್ಯೆಯನ್ನು ಎರಡು ಸಲ ಹೇಳುತ್ತೇನೆ.

ಅವುಗಳಲ್ಲಿ 16ಕ್ಕೆ ಅವಧಿ ಲೆಕ್ಕ ಹಾಕಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಚ್ಚು ಪ್ರಕಾಶದವು ನಿಧಾನವಾಗಿ ಮಿಡಿಯುತ್ತವೆ. 1912ರಲ್ಲಿ ಸಣ್ಣ ಮ್ಯಾಗೆಲಾನಿಕ್ ಮೋಡದ 25 ನಕ್ಷತ್ರ ತೆಗೆದುಕೊಂಡು ಗೆರೆ ಎಳೆದು ತೋರಿಸಿದರು. ಒಂದೂಕಾಲು ದಿನದ ಅವಧಿಯಿಂದ 127 ದಿನದ ಅವಧಿವರೆಗೆ ಎಲ್ಲವೂ ಆ ಗೆರೆಯ ಆಸುಪಾಸಿನಲ್ಲೇ ಬಂದು ಕೂತವು.

ಈ ಮೋಡವೇ ಯಾಕೆ ಮುಖ್ಯ ಅಂದರೆ, ಅದು ನಿಜವಾದ ಮೋಡವಲ್ಲ, ಒಂದು ಪುಟ್ಟ ಗೆಲಾಕ್ಸಿ. ನಮ್ಮ ಬೀದರ್ ಇರುವುದು ಎತ್ತರದ ದಿಬ್ಬದ ಅಂಚಿನಲ್ಲಿ. ರಾತ್ರಿ ಕೋಟೆ ಕಡೆಯ ಅಂಚಿಗೆ ಹೋಗಿ ಕೆಳಗೆ ನೋಡಿದರೆ ದೂರದ ಬಯಲಿನಲ್ಲಿ ಒಂದು ಊರಿನ ದೀಪಗಳು ಗುಂಪಾಗಿ ಕಾಣುತ್ತವೆ. ಆ ಊರಿನ ಎಲ್ಲ ದೀಪಗಳೂ ನಮ್ಮಿಂದ ಹೆಚ್ಚುಕಮ್ಮಿ ಒಂದೇ ದೂರ. ಅಲ್ಲಿ ಯಾವುದು ಹೆಚ್ಚು ಬೆಳಗುತ್ತದೋ ಅದು ನಿಜಕ್ಕೂ ದೊಡ್ಡ ದೀಪವೇ. ಲೆವಿಟ್ ಅವರಿಗೆ ಆ ಮೋಡ ಹಾಗೆ ದೂರದ ಒಂದು ಊರು. ಅದಕ್ಕೇ ಅಲ್ಲಿ ಸಂಬಂಧ ಎದ್ದು ಕಂಡಿತು. ನಮ್ಮ ಜಿಲ್ಲೆಗಳಿಂದ ಆ ಮೋಡ ಕಾಣುವುದಿಲ್ಲ, ತೀರಾ ದಕ್ಷಿಣಕ್ಕಿದೆ.

ಹೀಗೆ ಮಿಡಿಯುವ ಈ ಜಾತಿಯ ನಕ್ಷತ್ರಕ್ಕೆ ಸೆಫೀಡ್ ಅನ್ನುತ್ತಾರೆ. ಈಗಿನ ಲೆಕ್ಕದಲ್ಲಿ 3 ದಿನಕ್ಕೊಮ್ಮೆ ಮಿಡಿಯುವ ಸೆಫೀಡ್ ನಮ್ಮ ಸೂರ್ಯನ ಸುಮಾರು 1,000 ಪಟ್ಟು ಬೆಳಗುತ್ತದೆ. 10 ದಿನದ್ದು ಸುಮಾರು 3,500 ಪಟ್ಟು. 30 ದಿನದ್ದು 10,000 ಪಟ್ಟು.

ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಅನಿಸುವುದು ಇದು. ಬೆಳಕು ಬರುವ ದಾರಿಯಲ್ಲಿ ಸೊರಗುತ್ತದೆ, ದೂರ ಅದನ್ನು ಕಮ್ಮಿ ಮಾಡುತ್ತದೆ, ಧೂಳು ಇನ್ನಷ್ಟು ತಿನ್ನುತ್ತದೆ. ಆದರೆ ಏಳು ದಿನದ ಮಿಡಿತ ಸಾವಿರ ವರ್ಷ ದಾರಿ ನಡೆದು ಬಂದರೂ ಏಳು ದಿನವೇ. ಅದು ಸೊರಗುವುದಿಲ್ಲ. ದೂರದರ್ಶಕ ಇಲ್ಲದವರೂ ಅದನ್ನು ಎಣಿಸಬಹುದು.

ಭೀಮಾ ದಂಡೆ (ಯಾದಗಿರಿ)
ಸೋಮವಾರ, ಮಧ್ಯಾಹ್ನ 1:15

ಮೇಡಂ, ಚೆನ್ನಾಗಿ ಹೇಳಿದಿರಿ. ಆದರೆ ನಕ್ಷತ್ರ ಯಾಕೆ ಮಿಡಿಯಬೇಕು? ದೊಡ್ಡದು ಯಾಕೆ ನಿಧಾನ ಆಗಬೇಕು? ಕಾರಣ ಗೊತ್ತಿಲ್ಲದೆ ಗೆರೆ ಮಾತ್ರ ನಂಬುವುದು ನನಗೆ ಸರಿ ಅನಿಸುವುದಿಲ್ಲ. ನಾನು ಓದಿದ್ದು ಪಿಯುಸಿ, ಮಾಡುವುದು ಹೊಲದ ಕೆಲಸ. ಅಷ್ಟಕ್ಕೆ ತಿಳಿಯುವ ಹಾಗೆ ಹೇಳಿ.

ಬೀದರ್ ಭೌತಶಾಸ್ತ್ರ
ಸೋಮವಾರ, ಸಂಜೆ 5:30

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದಿರಿ. ಲೆವಿಟ್ ಗೆರೆ ಎಳೆದಾಗ ಕಾರಣ ಯಾರಿಗೂ ಗೊತ್ತಿರಲಿಲ್ಲ. ನಕ್ಷತ್ರವೇ ಉಬ್ಬಿ ಕುಗ್ಗುತ್ತದೆ ಅನ್ನುವ ಲೆಕ್ಕವನ್ನು ಮುಂದೆ ಎಡಿಂಗ್ಟನ್ ಕಟ್ಟಿದರು. ಒಳಗಿನ ಹೀಲಿಯಂ ಪದರವೇ ಇದನ್ನು ನಡೆಸುತ್ತದೆ ಅಂತ 1950ರ ದಶಕದಲ್ಲಿ ಝೆವಾಕಿನ್ ತೋರಿಸಿದರು.

ಒಲೆ ಮೇಲೆ ಬೇಳೆ ಬೇಯುವ ಪಾತ್ರೆ ನೋಡಿ. ಮುಚ್ಚಳ ಮುಚ್ಚಿದೆ. ಒಳಗೆ ಹಬೆ ಕೂಡುತ್ತದೆ, ಮುಚ್ಚಳ ಏಳುತ್ತದೆ, ಹಬೆ ಹೊರಗೆ ಹೋಗುತ್ತದೆ, ಮುಚ್ಚಳ ಬೀಳುತ್ತದೆ, ಮತ್ತೆ ಕೂಡುತ್ತದೆ. ಒಲೆಯ ಉರಿ ಒಂದೇ ಸಮ ಇದ್ದರೂ ಮುಚ್ಚಳ ಕುಣಿಯುತ್ತಲೇ ಇರುತ್ತದೆ. ಸೆಫೀಡ್ ಒಳಗೆ ಹೀಲಿಯಂ ಪದರ ಆ ಮುಚ್ಚಳದ ಕೆಲಸ ಮಾಡುತ್ತದೆ. ನಕ್ಷತ್ರ ಕುಗ್ಗಿದಾಗ ಆ ಪದರ ಬಿಸಿಯಾಗಿ, ಹೀಲಿಯಂ ತನ್ನ ಎರಡನೇ ಎಲೆಕ್ಟ್ರಾನನ್ನೂ ಕಳೆದುಕೊಳ್ಳುತ್ತದೆ. ಆಗ ಬೆಳಕು ಅದನ್ನು ದಾಟಿ ಬರಲಾರದು. ಶಾಖ ಒಳಗೇ ತಡೆದು ನಿಲ್ಲುತ್ತದೆ, ಪದರವನ್ನು ಹೊರಗೆ ನೂಕುತ್ತದೆ. ಉಬ್ಬಿ ತಣ್ಣಗಾದಾಗ ಹೀಲಿಯಂ ಎಲೆಕ್ಟ್ರಾನನ್ನು ಮರಳಿ ಹಿಡಿಯುತ್ತದೆ, ದಾರಿ ತೆರೆಯುತ್ತದೆ, ಶಾಖ ಹೊರಗೆ ಹೋಗುತ್ತದೆ. ತಡೆಯುವ ಬಲ ಕಮ್ಮಿಯಾಗಿ ಪದರ ಮತ್ತೆ ಒಳಗೆ ಬೀಳುತ್ತದೆ.

ಇನ್ನು ದೊಡ್ಡದು ಯಾಕೆ ನಿಧಾನ. ಪಂಚಮಿ ಜೋಕಾಲಿ ಆಡಿದ್ದೀರಲ್ವಾ? ಮನೆಯ ತೊಲೆಗೆ ಕಟ್ಟಿದ ಗಿಡ್ಡ ಹಗ್ಗದ ಜೋಕಾಲಿ ಚಟಚಟ ಹೋಗಿ ಬರುತ್ತದೆ. ಬೇವಿನ ಮರದ ಎತ್ತರದ ಕೊಂಬೆಗೆ ಕಟ್ಟಿದ್ದು ಸಾವಕಾಶ ತೂಗುತ್ತದೆ. ನಕ್ಷತ್ರದಲ್ಲಿ ಹಗ್ಗದ ಉದ್ದದ ಜಾಗದಲ್ಲಿ ಇರುವುದು ಸಾಂದ್ರತೆ. ಹೆಚ್ಚು ಬೆಳಗುವ ಸೆಫೀಡ್ ಗಾತ್ರದಲ್ಲೂ ದೊಡ್ಡದು. ತುಂಬಾ ಉಬ್ಬಿರುವುದರಿಂದ ಒಳಗಿನ ಅನಿಲ ತೆಳುವಾಗಿರುತ್ತದೆ. ತೆಳುವಾದಷ್ಟೂ ಗುರುತ್ವ ಅದನ್ನು ಒಳಗೆ ಎಳೆದುಕೊಳ್ಳಲು ಹೆಚ್ಚು ಹೊತ್ತು ಬೇಕು. ಸಾಂದ್ರತೆ ಕಾಲು ಭಾಗಕ್ಕೆ ಇಳಿದರೆ ಮಿಡಿತದ ಅವಧಿ ಎರಡು ಪಟ್ಟಾಗುತ್ತದೆ. ಹೆಚ್ಚು ಪ್ರಕಾಶ ಅಂದರೆ ದೊಡ್ಡ ಗಾತ್ರ, ದೊಡ್ಡ ಗಾತ್ರ ಅಂದರೆ ತೆಳು, ತೆಳು ಅಂದರೆ ನಿಧಾನ. ಸಂಬಂಧ ಅಷ್ಟೇ.

ಒಂದು ಮಾತು ಸೇರಿಸುತ್ತೇನೆ, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ನಕ್ಷತ್ರ ಪೂರ್ತಿ ಉಬ್ಬಿದಾಗ ಅದು ಅತಿ ಹೆಚ್ಚು ಬೆಳಗುವುದಿಲ್ಲ. ಕುಗ್ಗಿದ ಸ್ಥಿತಿಯಿಂದ ಹೊರಗೆ ರಭಸವಾಗಿ ನುಗ್ಗುವಾಗ ಮೈ ಹೆಚ್ಚು ಬಿಸಿ ಇರುತ್ತದೆ, ಆಗ ಅದರ ಪ್ರಕಾಶ ಹೆಚ್ಚು. ಗಾತ್ರಕ್ಕಿಂತ ಬಿಸಿಯ ಕೈ ಇಲ್ಲಿ ದೊಡ್ಡದು.

ಭೀಮಾ ದಂಡೆ (ಯಾದಗಿರಿ)
ಸೋಮವಾರ, ರಾತ್ರಿ 8:50

ಜೋಕಾಲಿಯಿಂದ ತಿಳಿಯಿತು. ಮನೆಯಲ್ಲಿ ಮಗಳಿಗೂ ಓದಿ ಹೇಳಿದೆ. ಧನ್ಯವಾದ ಮೇಡಂ.

ಶಹಾಪುರ ಬಿಎಸ್ಸಿ
ಮಂಗಳವಾರ, ರಾತ್ರಿ 9:05

ಮೇಡಂ, ಹೊಳಪು ಬದಲಾಗುವ ಎಲ್ಲ ನಕ್ಷತ್ರಕ್ಕೂ ಈ ನಿಯಮ ಹೊಂದುತ್ತದಾ?

ಬೀದರ್ ಭೌತಶಾಸ್ತ್ರ
ಮಂಗಳವಾರ, ರಾತ್ರಿ 9:40

ಇಲ್ಲಮ್ಮ. ಉದಾಹರಣೆಗೆ ಆಲ್ಗಾಲ್ 2.87 ದಿನಕ್ಕೊಮ್ಮೆ ಮಂಕಾಗುತ್ತದೆ. ಅಲ್ಲಿ ಎರಡು ನಕ್ಷತ್ರ ಒಂದನ್ನೊಂದು ಸುತ್ತುತ್ತವೆ, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅದು ಗ್ರಹಣ, ಮಿಡಿತ ಅಲ್ಲ. ಆ ಅವಧಿ ನಕ್ಷತ್ರ ಎಷ್ಟು ಪ್ರಕಾಶದ್ದು ಅಂತ ಹೇಳುವುದಿಲ್ಲ.

ಆರ್‌ಆರ್ ಲೈರೆ ಅನ್ನುವ ಜಾತಿ ಮಿಡಿಯುವಂಥವೇ, ಆದರೆ ಒಂದು ದಿನಕ್ಕಿಂತ ಕಮ್ಮಿ ಅವಧಿ. ಬರಿಗಣ್ಣಿಗೆ ಕಾಣುವ ಬೆಳಕಿನಲ್ಲಿ ಅವೆಲ್ಲ ಹೆಚ್ಚುಕಮ್ಮಿ ಒಂದೇ ಪ್ರಕಾಶದವು, ಸೂರ್ಯನ ನಲವತ್ತು ಐವತ್ತು ಪಟ್ಟು. ಸೆಫೀಡ್‌ಗಳಲ್ಲೇ ಎರಡು ಜಾತಿ ಇವೆ, ಅದರದ್ದು ದೊಡ್ಡ ಕಥೆ. ಇನ್ನೊಂದು ದಿನ ಬರೆಯುತ್ತೇನೆ.

ಹಳೆ ಗುಲ್ಬರ್ಗಾ
ಬುಧವಾರ, ಬೆಳಿಗ್ಗೆ 7:30

ಒಂದು ವಿಷಯ ನೆನಪಾಯಿತು. 1948ರವರೆಗೆ ನಮ್ಮ ಭಾಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನಕ್ಕೆ ತನ್ನದೇ ನಿಜಾಮಿಯಾ ವೀಕ್ಷಣಾಲಯ ಇತ್ತು. ಇಡೀ ಆಕಾಶದ ಫೋಟೋ ನಕ್ಷೆ ಮಾಡುವ ಅಂತರರಾಷ್ಟ್ರೀಯ ಕೆಲಸದಲ್ಲಿ ಅದೂ ಒಂದು ಪಾಲು ಮಾಡಿತು. ಖಗೋಳ ವಿಜ್ಞಾನಿ ವೇಣು ಬಪ್ಪು ಅವರ ತಂದೆ ಅಲ್ಲೇ ಕೆಲಸದಲ್ಲಿದ್ದರು. ಮಗ ಆ ವೀಕ್ಷಣಾಲಯದ ನೆರಳಲ್ಲೇ ಬೆಳೆದು, 1949ರಲ್ಲಿ ಹಾರ್ವರ್ಡ್‌ಗೆ ಹೋದರು. ಲೆವಿಟ್ ಗಾಜಿನ ಫಲಕ ನೋಡುತ್ತಿದ್ದ ಅದೇ ಹಾರ್ವರ್ಡ್. ತಮಿಳುನಾಡಿನ ಕಾವಲೂರಿನ ದೊಡ್ಡ ದೂರದರ್ಶಕಕ್ಕೆ ಈಗ ಅವರ ಹೆಸರೇ ಇದೆ. ನಮ್ಮ ಮಕ್ಕಳಿಗೆ ಇದನ್ನು ಹೇಳಬೇಕು ಅಂತ ಬರೆದೆ.

ಚಿಂಚೋಳಿ ಕಾಡಂಚು
ಶನಿವಾರ, ರಾತ್ರಿ 10:30

ಇವತ್ತು ಆಕಾಶ ತುಂಬಾ ತಿಳಿಯಾಗಿತ್ತು. ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೆ ಕಂಡಿತು. ಹತ್ತಿಯ ಎಳೆ ಅಂಟಿದ ಹಾಗೆ. ಅದರ ದೂರವನ್ನೂ ಈ ಮಿಡಿತದಿಂದಲೇ ಅಳೆದರು ಅಂತ ಕೇಳಿದ್ದೇನೆ, ಹೌದಾ?

ಬೀದರ್ ಭೌತಶಾಸ್ತ್ರ
ಭಾನುವಾರ, ಬೆಳಿಗ್ಗೆ 8:00

ಹೌದು. ಆಗ ದೊಡ್ಡ ಜಗಳವೇ ನಡೆದಿತ್ತು. ಆ ಎಳೆ ನಮ್ಮ ಆಕಾಶಗಂಗೆಯ ಒಳಗಿನದೋ, ಆಚೆಯ ಇನ್ನೊಂದು ಗೆಲಾಕ್ಸಿಯೋ ಅಂತ. 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಇಂಚಿನ ದೂರದರ್ಶಕದಿಂದ ಅದರ ಫೋಟೋ ತೆಗೆದರು. ಒಂದು ಚುಕ್ಕಿಯನ್ನು ಹೊಸದಾಗಿ ಸ್ಫೋಟಿಸಿದ ನಕ್ಷತ್ರ (ನೋವಾ) ಅಂದುಕೊಂಡು ಫಲಕದ ಮೇಲೆ ಎನ್ ಅಂತ ಬರೆದಿದ್ದರು. ಹಳೆಯ ಫಲಕಗಳ ಜೊತೆ ಹೋಲಿಸಿದಾಗ ಅದು ಏರುತ್ತಾ ಇಳಿಯುತ್ತಾ ಇರುವುದು ಗೊತ್ತಾಯಿತು. ಎನ್ ಹೊಡೆದುಹಾಕಿ, ಪಕ್ಕದಲ್ಲಿ ಚಂಚಲ ಅನ್ನುವ ಅರ್ಥದ ಮೂರಕ್ಷರ ಬರೆದು ಆಶ್ಚರ್ಯ ಚಿಹ್ನೆ ಹಾಕಿದರು. ಅದರ ಅವಧಿ 31 ದಿನ ಚಿಲ್ಲರೆ. ಅಷ್ಟು ನಿಧಾನವಾಗಿ ಮಿಡಿಯುವುದು ಅಂದರೆ ಭಾರಿ ಪ್ರಕಾಶದ ನಕ್ಷತ್ರ. ಆದರೆ ಕಾಣುವುದು ಅತಿ ಮಂಕು. ಲೆಕ್ಕ ಹಾಕಿದರೆ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಬಂತು. ಆಕಾಶಗಂಗೆಗೆ ಆಗ ಹೇಳುತ್ತಿದ್ದ ಅತಿ ದೊಡ್ಡ ಅಳತೆಯೇ 3 ಲಕ್ಷ. ಜಗಳ ಅಲ್ಲಿಗೆ ಮುಗಿಯಿತು.

ಲೆವಿಟ್ ಇದನ್ನು ನೋಡಲಿಲ್ಲ. 1921ರಲ್ಲೇ ತೀರಿಕೊಂಡಿದ್ದರು. 1925ರಲ್ಲಿ ಸ್ವೀಡನ್ನಿನ ಒಬ್ಬ ಗಣಿತಜ್ಞರು ಅವರ ಹೆಸರನ್ನು ನೊಬೆಲ್‌ಗೆ ಸೂಚಿಸಬೇಕು ಅಂತ ಹಾರ್ವರ್ಡ್‌ಗೆ ಪತ್ರ ಬರೆದರು. ಲೆವಿಟ್ ಬದುಕಿಲ್ಲ ಅನ್ನುವ ಸುದ್ದಿಯೂ ಆ ಗಣಿತಜ್ಞರಿಗೆ ತಲುಪಿರಲಿಲ್ಲ. ಇದನ್ನು ಬರೆಯುವಾಗ ನನಗೆ ಪ್ರತಿ ಸಲ ನೋವಾಗುತ್ತದೆ.

ಭೀಮಾ ದಂಡೆ (ಯಾದಗಿರಿ)
ಭಾನುವಾರ, ಮಧ್ಯಾಹ್ನ 12:20

9 ಲಕ್ಷ ಅಂದಿರಿ. ನನ್ನ ಮಗಳ ಪುಸ್ತಕದಲ್ಲಿ 25 ಲಕ್ಷ ಅಂತ ಇದೆ. ಯಾವುದು ಸರಿ? ಅಷ್ಟು ತಪ್ಪಿದ ಅಳತೆಯನ್ನು ಹೇಗೆ ನಂಬುವುದು?

ಬೀದರ್ ಭೌತಶಾಸ್ತ್ರ
ಭಾನುವಾರ, ಸಂಜೆ 4:45

25 ಲಕ್ಷ ಸರಿ. ಎಲ್ಲಿ ತಪ್ಪಿತು ಅಂತ ಹೇಳುತ್ತೇನೆ. ನೀವು ತೊಗರಿ ತೂಕ ಹಾಕಿಸಿದವರು. ಕಾಟಾದ ಕಲ್ಲೇ ತಪ್ಪಿದ್ದರೆ ಪ್ರತಿ ಚೀಲವೂ ಅದೇ ಪ್ರಮಾಣದಲ್ಲಿ ತಪ್ಪು ತೂಗುತ್ತದೆ. ಆದರೂ ಯಾವ ಚೀಲ ಹೆಚ್ಚು, ಯಾವುದು ಕಮ್ಮಿ ಅನ್ನುವುದು ಕೆಡುವುದಿಲ್ಲ. ಲೆವಿಟ್ ಅವರ ಗೆರೆ ಸರಿಯೇ ಇತ್ತು. ಕಲ್ಲು ತಪ್ಪಿತ್ತು.

ನಾನು ಹೇಳಿದ್ದೆನಲ್ಲ, ಸೆಫೀಡ್‌ಗಳಲ್ಲಿ ಎರಡು ಜಾತಿ ಅಂತ. ಒಂದು ಎಳೆ ವಯಸ್ಸಿನ, ಭಾರದ ನಕ್ಷತ್ರಗಳು. ಇನ್ನೊಂದು ಹಳೆಯ, ಹಗುರ ನಕ್ಷತ್ರಗಳು. ಎರಡರ ಅವಧಿ ಒಂದೇ ಇದ್ದರೂ ಹಳೆಯವು ಸುಮಾರು ನಾಲ್ಕು ಪಟ್ಟು ಮಂಕು. ಅಳತೆಗೋಲು ಕಟ್ಟುವಾಗ ಇವೆರಡೂ ಬೆರೆತುಹೋಗಿದ್ದವು. ಇದನ್ನು ಬಿಡಿಸಿದವರು ವಾಲ್ಟರ್ ಬಾಡೆ. ಎರಡನೇ ಮಹಾಯುದ್ಧದ ಕಾಲ, ದಾಳಿಯ ಹೆದರಿಕೆಯಿಂದ ಲಾಸ್ ಏಂಜಲೀಸ್ ನಗರದ ದೀಪ ಆರಿಸುತ್ತಿದ್ದರು. ಪಕ್ಕದ ಬೆಟ್ಟದ ಮೇಲಿನ ಅದೇ 100 ಇಂಚಿನ ದೂರದರ್ಶಕಕ್ಕೆ ಅಂಥ ಕತ್ತಲು ಸಿಕ್ಕಿತು. ಆಂಡ್ರೊಮಿಡಾದ ನಡುಭಾಗದ ಹಳೆಯ ನಕ್ಷತ್ರಗಳನ್ನು ಅವರು ಬಿಡಿಬಿಡಿಯಾಗಿ ನೋಡಿದರು. 1952ರಲ್ಲಿ ಲೆಕ್ಕ ತಿದ್ದಿದಾಗ ಆಂಡ್ರೊಮಿಡಾ ಎರಡು ಪಟ್ಟು ದೂರ ಹೋಯಿತು. ಆಮೇಲೆ ಇನ್ನಷ್ಟು ಸರಿಪಡಿಸಿ 25 ಲಕ್ಷಕ್ಕೆ ನಿಂತಿದೆ.

ಈಗ ಕಲ್ಲನ್ನು ಪರೀಕ್ಷಿಸುವುದು ಗಾಯಾ ಅನ್ನುವ ಬಾಹ್ಯಾಕಾಶ ದೂರದರ್ಶಕ 2025ರವರೆಗೆ ಮಾಡಿದ ಅಳತೆಗಳಿಂದ. ಭೂಮಿ ಸೂರ್ಯನನ್ನು ಸುತ್ತುವಾಗ ಹತ್ತಿರದ ಸೆಫೀಡ್ ಎಷ್ಟು ಕದಲಿದಂತೆ ಕಾಣುತ್ತದೆ ಅಂತ ನೋಡಿ ನೇರವಾಗಿ ದೂರ ಅಳೆಯುತ್ತಾರೆ. ವಿಶ್ವ ಹಿಗ್ಗುವ ವೇಗದ ಬಗ್ಗೆ ಇವತ್ತು ನಡೆಯುತ್ತಿರುವ ದೊಡ್ಡ ಚರ್ಚೆಯೂ ಇಲ್ಲಿಂದಲೇ ಹುಟ್ಟಿದ್ದು. ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಆ ವೇಗ ಸೆಫೀಡ್ ದಾರಿಯಲ್ಲಿ ಅಳೆದರೆ ಸೆಕೆಂಡಿಗೆ 73 ಕಿಲೋಮೀಟರ್, ವಿಶ್ವದ ಆದಿಯ ಬೆಳಕಿನಿಂದ ಲೆಕ್ಕ ಹಾಕಿದರೆ 67. ಎರಡೂ ಕಡೆಯವರು ತಮ್ಮ ಲೆಕ್ಕವನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ.

ದಾಲ್‌ಮಿಲ್ ಹಿತ್ತಲು (ಕಲಬುರಗಿ)
ಸೋಮವಾರ, ರಾತ್ರಿ 10:15 (ಎರಡು ವಾರದ ನಂತರ)

ಎಲ್ಲರಿಗೂ ನಮಸ್ಕಾರ. ನೋಡಿ ಮುಗಿಸಿ ಬಂದಿದ್ದೇನೆ.

ಮಿಲ್‌ನಲ್ಲಿ ಸಂಜೆ ಏಳಕ್ಕೆ ಚಹಾ ಬಿಡುವು, ಹದಿನೈದು ನಿಮಿಷ. ದಿನಾಲೂ ಚಹಾದ ಲೋಟ ಹಿಡಿದು ಹಿತ್ತಲಿನ ಬಯಲಿಗೆ ಹೋದೆ. ಗೋಡೆಗೆ ಮುಖ ಮಾಡಿ ಐದು ನಿಮಿಷ ಸುಮ್ನೆ ನಿಂತರೆ ಕಣ್ಣು ಕತ್ತಲಿಗೆ ಹೊಂದುತ್ತದೆ. ಆಮೇಲೆ ನೋಡುವುದು. ಮೇಷ್ಟ್ರು ಫೋನ್‌ನಲ್ಲಿ ಹೇಳಿಕೊಟ್ಟ ಹಾಗೆ ನಾಲ್ಕು ನಕ್ಷತ್ರ ಇಟ್ಟುಕೊಂಡೆ. ಥೀಟಾ 3.2, ಡೆಲ್ಟಾ 3.4, ಬೀಟಾ 3.7, ಐಯೋಟಾ 4.4. ಈ ಕಾಂತಿಮಾನದಲ್ಲಿ ಅಂಕಿ ದೊಡ್ಡದಾದರೆ ನಕ್ಷತ್ರ ಮಂಕು. ಈಟಾ ಇವುಗಳ ನಡುವೆ ಎಲ್ಲಿ ಬರುತ್ತದೆ ಅಂತ ಊಹಿಸಿ ಬರೆಯುವುದು.

ಸೋಮವಾರ 3.9. ಮಂಗಳವಾರ 4.0. ಬುಧವಾರ 4.1. ಗುರುವಾರ ನನಗೆ ಹುಡುಕುವುದೇ ಕಷ್ಟವಾಯಿತು, ಐಯೋಟಾಕ್ಕೆ ಸರಿಸಮ ಅನಿಸಿತು, 4.3 ಬರೆದೆ. ಶುಕ್ರವಾರ ಮತ್ತೆ ಬೀಟಾ ಹತ್ತಿರ ಬಂದಿತ್ತು. ಶನಿವಾರ ತಲೆ ಎತ್ತಿದ ತಕ್ಷಣ ಕಂಡಿತು, ಬೀಟಾವನ್ನು ದಾಟಿ ಡೆಲ್ಟಾ ಹತ್ತಿರ ಹೋಗಿತ್ತು. ಎರಡೇ ದಿನದಲ್ಲಿ! ಇಳಿಯುವುದಕ್ಕೆ ಐದು ದಿನ, ಏರುವುದಕ್ಕೆ ಎರಡು. ನಾನು ನಕ್ಷತ್ರ ಅಂದರೆ ಕದಲದೆ ಇರುವುದು ಅಂದುಕೊಂಡಿದ್ದವನು. ಲೋಟದ ಚಹಾ ಆರಿಹೋಗಿತ್ತು.

ಎರಡನೇ ವಾರ ಗುರುವಾರ ಮತ್ತೆ ಮಂಕು, ಶನಿವಾರ ಮತ್ತೆ ಪ್ರಕಾಶ. ಒಂದು ರಾತ್ರಿ ಕರೆಂಟ್ ಹೋಗಿತ್ತು, ಅವತ್ತು ಐಯೋಟಾ ಸ್ಪಷ್ಟವಾಗಿ ಕಂಡಿತು. ಶಹಾಪುರದ ತಂಗಿಯ ಅಂಕಿಗಳೂ ನನ್ನವೂ ಎರಡು ದಿನ ಬಿಟ್ಟರೆ ತಾಳೆಯಾದವು.

ನನ್ನ ಲೆಕ್ಕದಲ್ಲಿ ಅವಧಿ 7 ದಿನ. ಸರಾಸರಿ 3.9. ಮೇಷ್ಟ್ರೇ, ಇನ್ನು ದೂರ ಹಾಕಿಕೊಡಿ.

ಸೇಡಂ ಗಣಿತ ಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 6:10

ತಮ್ಮಾ, ಓದಿ ಬಹಳ ಸಂತೋಷವಾಯಿತು. ನಿಮ್ಮ ಸರಾಸರಿ 3.9ರಲ್ಲಿ ದೋಷವಿಲ್ಲ.

ಲೆಕ್ಕ ಹೀಗೆ. ಅವಧಿಯ ಲಾಗರಿದಮ್ ತೆಗೆಯಿರಿ. 7.18ಕ್ಕೆ 0.856. ಅದರಿಂದ 1 ಕಳೆಯಿರಿ, ಮೈನಸ್ 0.144. ಲೆವಿಟ್ ಗೆರೆಯ ಈಗಿನ ಸೂತ್ರದ ಪ್ರಕಾರ ಅದನ್ನು ಮೈನಸ್ 2.43ರಿಂದ ಗುಣಿಸಿದರೆ 0.35. ಅದರಲ್ಲಿ 4.05 ಕಳೆದರೆ ಮೈನಸ್ 3.7. ಇದು ಆ ನಕ್ಷತ್ರದ ನಿಜವಾದ ಕಾಂತಿಮಾನ, ಅಂದರೆ 10 ಪಾರ್ಸೆಕ್ ದೂರದಲ್ಲಿಟ್ಟು ನೋಡಿದರೆ ಕಾಣುವಷ್ಟು. ಸೂರ್ಯನ 2,600 ಪಟ್ಟು ಅಂದ ಹಾಗೆ.

ಕಾಣುವುದು 3.9, ನಿಜವಾದದ್ದು ಮೈನಸ್ 3.7. ವ್ಯತ್ಯಾಸ 7.6. ಐದರಿಂದ ಭಾಗಿಸಿ 1 ಕೂಡಿಸಿದರೆ 2.52. ಆಂಟಿಲಾಗ್ 331. ಅಷ್ಟು ಪಾರ್ಸೆಕ್. ಒಂದು ಪಾರ್ಸೆಕ್‌ಗೆ 3.26 ಜ್ಯೋತಿರ್ವರ್ಷ. ಅಂದರೆ ಸುಮಾರು 1,080 ಜ್ಯೋತಿರ್ವರ್ಷ.

ನೀವು ಎಣಿಸಿದ 7 ದಿನವನ್ನೇ ಹಾಕಿದರೂ ಸುಮಾರು 1,065 ಬರುತ್ತದೆ. ಅವಧಿಯಲ್ಲಿ ನಾಲ್ಕು ಗಂಟೆ ತಪ್ಪಿದ್ದಕ್ಕೆ ದೂರದಲ್ಲಿ ನೂರಕ್ಕೆ ಎರಡೂ ತಪ್ಪಲಿಲ್ಲ. ಅವಧಿ ಇನ್ನೂ ಸರಿಯಾಗಿ ಬೇಕಾದರೆ ಹತ್ತು ಮಿಡಿತ ಬಿಟ್ಟು ಮತ್ತೆ ಪ್ರಕಾಶ ಬರುವ ದಿನ ಹಿಡಿಯಿರಿ, ಹತ್ತರಿಂದ ಭಾಗಿಸಿ. ಅರ್ಧ ದಿನದ ತಪ್ಪು ಇದ್ದರೂ ಹತ್ತರಲ್ಲಿ ಹಂಚಿಹೋಗುತ್ತದೆ.

ಬೀದರ್ ಭೌತಶಾಸ್ತ್ರ
ಮಂಗಳವಾರ, ಸಂಜೆ 6:00

ಮೇಷ್ಟ್ರ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕು. ನಡುವೆ ಧೂಳಿದೆ. ಆ ದಿಕ್ಕಿನಲ್ಲಿ ಆಕಾಶಗಂಗೆಯ ಧೂಳು ಈಟಾದ ಬೆಳಕಿನ ಮೂರರಲ್ಲಿ ಒಂದು ಪಾಲನ್ನು ತಿಂದುಬಿಡುತ್ತದೆ. ಹಾಗಾಗಿ ಅದು ಇರುವುದಕ್ಕಿಂತ ಮಂಕಾಗಿ ಕಂಡು, ದೂರ ಜಾಸ್ತಿ ಅನಿಸುತ್ತದೆ. ಧೂಳಿನ ಲೆಕ್ಕ ಸೇರಿಸಿದರೆ ಸುಮಾರು 900 ಜ್ಯೋತಿರ್ವರ್ಷಕ್ಕೆ ಬರುತ್ತದೆ. ಧೂಳು ಎಷ್ಟಿದೆ ಅಂತ ನಕ್ಷತ್ರದ ಬಣ್ಣದಿಂದ ತಿಳಿಯುತ್ತಾರೆ. ಮುಳುಗುವ ಸೂರ್ಯ ಕೆಂಪಾದ ಹಾಗೆ, ಧೂಳಿನ ಹಿಂದಿನ ನಕ್ಷತ್ರವೂ ಕೆಂಪಾಗುತ್ತದೆ. ಇದಕ್ಕೇ ಈಗ ಸೆಫೀಡ್‌ಗಳನ್ನು ಹೆಚ್ಚಾಗಿ ಅವಗೆಂಪು ಬೆಳಕಿನಲ್ಲಿ ನೋಡುತ್ತಾರೆ, ಆ ಬೆಳಕಿಗೆ ಧೂಳಿನ ಕಾಟ ಕಮ್ಮಿ.

ದಾಲ್‌ಮಿಲ್ ಹಿತ್ತಲು (ಕಲಬುರಗಿ)
ಮಂಗಳವಾರ, ರಾತ್ರಿ 10:40

ಮೇಡಂ, ಧೂಳಿನ ಮಾತು ನನಗೆ ಬೇಗ ತಿಳಿಯಿತು. ಮಿಲ್ ಓಡುವಾಗ ಹೊಟ್ಟಿನ ಧೂಳು ಎದ್ದು ಆ ತುದಿಯ ಬಲ್ಬು ಬಹಳ ದೂರ ಇದ್ದ ಹಾಗೆ ಕಾಣುತ್ತದೆ. ಮಿಲ್ ನಿಂತು ಧೂಳು ಕೂತ ಮೇಲೆ ಅದೇ ಬಲ್ಬು ಹತ್ತಿರ ಬರುತ್ತದೆ. ಬಲ್ಬು ಇದ್ದಲ್ಲೇ ಇರುತ್ತದೆ.

ನೋಟ್‌ಬುಕ್‌ನಲ್ಲಿ 1,080 ಬರೆದು, ಪಕ್ಕದಲ್ಲಿ ಧೂಳು ಕಳೆದು 900 ಅಂತ ಬರೆದಿದ್ದೇನೆ. 900 ವರ್ಷದ ಹಿಂದೆ ಅಂದರೆ ಇಲ್ಲಿ ಚಾಲುಕ್ಯರ ಕಾಲ. ಆಗ ಹೊರಟ ಬೆಳಕನ್ನು ನಾನು ಚಹಾ ಬಿಡುವಿನಲ್ಲಿ ನೋಡಿದೆ.

ಈಟಾ ಈಗ ಪಡುವಣಕ್ಕೆ ಇಳಿಯುತ್ತಿದೆ. ಇನ್ನು ಕೆಲವು ವಾರದಲ್ಲಿ ಏಳು ಗಂಟೆಗೆ ಸಿಗುವುದಿಲ್ಲ. ಮುಂದೆ ಯಾವುದನ್ನು ನೋಡಲಿ?

ಸೇಡಂ ಗಣಿತ ಮೇಷ್ಟ್ರು
ಬುಧವಾರ, ಬೆಳಿಗ್ಗೆ 6:05

ಝೀಟಾ ಜೆಮಿನೋರಂ. ಪುನರ್ವಸುವಿನ ಎರಡು ನಕ್ಷತ್ರ ಇರುವ ಮಿಥುನದಲ್ಲೇ ಇದೆ. ಅವಧಿ 10.15 ದಿನ, 3.6ರಿಂದ 4.2ರ ನಡುವೆ ಏರಿಳಿಯುತ್ತದೆ. ಸಂಕ್ರಾಂತಿ ಹೊತ್ತಿಗೆ ರಾತ್ರಿ ಒಂಬತ್ತಕ್ಕೆಲ್ಲ ಮೂಡಣದಲ್ಲಿ ಚೆನ್ನಾಗಿ ಮೇಲೆ ಬಂದಿರುತ್ತದೆ. ಇದರ ಏರು ಇಳಿತ ಎರಡೂ ಹೆಚ್ಚುಕಮ್ಮಿ ಸಮ, ಈಟಾ ಥರ ಜಿಗಿಯುವುದಿಲ್ಲ. ಒಂದು ಮಿಡಿತ ಹತ್ತು ದಿನ, ಆದ್ದರಿಂದ ಒಂದು ತಿಂಗಳು ನೋಡಬೇಕು.

ಶಹಾಪುರ ಬಿಎಸ್ಸಿ
ಬುಧವಾರ, ರಾತ್ರಿ 8:30

ನಾನೂ ಇದ್ದೇನೆ ಸರ್. ಈ ಸಲ ಇಬ್ಬರು ಗೆಳತಿಯರೂ ಬರುತ್ತೇವೆ ಅಂದಿದ್ದಾರೆ. ಅಣ್ಣಾ, ಒಬ್ಬರಿಗೆ ಮೋಡ ಬಂದ ದಿನ ಇನ್ನೊಬ್ಬರು ನೋಡಿದರೆ ಸಾಕು, ಒಂದು ದಿನವೂ ಖಾಲಿ ಉಳಿಯುವುದಿಲ್ಲ. ಜನವರಿ 10ರಿಂದ ಶುರು ಮಾಡೋಣವಾ?

ದಾಲ್‌ಮಿಲ್ ಹಿತ್ತಲು (ಕಲಬುರಗಿ)
ಬುಧವಾರ, ರಾತ್ರಿ 10:20

ಆಯಿತು ತಂಗಿ, ಜನವರಿ 10. ಹೊಸ ನೋಟ್‌ಬುಕ್ ತಂದಿಟ್ಟಿದ್ದೇನೆ.